ಕುದುರೆ ಲಾಯದ ಮೇಲೊಂದು ಗುಮ್ಮಟ

ಇಂಗ್ಲೆಂಡಿನ ದಕ್ಷಿಣ ಕಡಲತೀರದ ಬ್ರೈಟನ್ ಪಟ್ಟಣದಲ್ಲಿ, ದೂರದಿಂದ ಕಂಡವರು ಮಸೀದಿಯೆಂದೇ ಬಗೆಯುವಂತಹ ಒಂದು ಗುಮ್ಮಟವಿದೆ. ಅದು ಹುಟ್ಟಿದ್ದು ಕುದುರೆ ಲಾಯವಾಗಿ. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ರಾಜಕುಮಾರನು 1803ರಿಂದ 1808ರ ನಡುವೆ ತನ್ನ ವಿಲಾಸಗೃಹದ ಪಕ್ಕದಲ್ಲಿ ಇದನ್ನು ಕಟ್ಟಿಸಿದನು. ದೊರೆಯ ಮನೆಗೆ ಗುಮ್ಮಟಗಳು ಬಂದದ್ದು ಆಮೇಲೆ. ಮೊದಲು ಆ ಭಾಗ್ಯ ದೊರೆತದ್ದು ಕುದುರೆಗಳಿಗೆ!

ವಾಸ್ತುಶಿಲ್ಪಿ ವಿಲಿಯಂ ಪೋರ್ಡನ್ ಮೊಗಲರ ಕಮಾನುಗಳನ್ನು ಅರಿತದ್ದು ಡೇನಿಯಲ್ ಚಿತ್ರಕಾರರು ಭಾರತದಲ್ಲಿ ಬರೆದುಕೊಂಡು ಹೋದಂತಹ ಚಿತ್ರಗಳಿಂದ. ಗುಮ್ಮಟದ ಮರದ ಕಟ್ಟಣೆಗೆ ಮಾತ್ರ ಪ್ಯಾರಿಸ್ಸಿನ ಧಾನ್ಯ ಮಾರುಕಟ್ಟೆಯೇ ಮಾದರಿ. ಸುಮಾರು 80 ಅಡಿ ಅಗಲದ ಆ ಗುಮ್ಮಟದಡಿ ಸುತ್ತಲೂ ಕುದುರೆ ಕಟ್ಟುವ ಅಂಕಣಗಳು, ನಡುವೆ ನೀರಿನ ಕೊಳ, ಮೇಲಂತಸ್ತಿನಲ್ಲಿ ಆಳುಗಳ ವಸತಿ. 1850ರಲ್ಲಿ ಪಟ್ಟಣದವರು ಇದನ್ನು ಕೊಂಡರು. 1867ರಲ್ಲಿ ಲಾಯವು ಸಂಗೀತ ಸಭಾಂಗಣವಾಯಿತು.

ನಮಗೆ ಸಂಬಂಧಿಸಿದ ಅಧ್ಯಾಯ ಆರಂಭವಾಗುವುದು 1914ರ ಡಿಸೆಂಬರಿನಲ್ಲಿ. ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಇದೇ ಸಭಾಂಗಣ ಆಸ್ಪತ್ರೆಯಾಯಿತು. ಗುಮ್ಮಟದಡಿ ಮಂಚಗಳ ಸಾಲು. ಮುಸ್ಲಿಮರಿಗೂ ಹಿಂದೂಗಳಿಗೂ ಬೇರೆ ಬೇರೆ ಅಡುಗೆಮನೆ, ಬೇರೆ ಬೇರೆ ನಲ್ಲಿ. ಹುಲ್ಲುಹಾಸಿನ ಮೇಲೆ ನಮಾಝ್‌ಗೆ ಸ್ಥಳ. ಗಮನಿಸಬೇಕು: ಚಿತ್ರ ನೋಡಿ ಕಟ್ಟಿದ ಗುಮ್ಮಟದ ಕೆಳಗಲ್ಲ, ಬಯಲಿನಲ್ಲಿ ಕಿಬ್ಲಾದ ದಿಕ್ಕು ಹಿಡಿದು ಅವರು ಸಾಲುಗಟ್ಟಿದರು.

ಈ ಉಪಚಾರವೆಲ್ಲ ಬರಿಯ ಔದಾರ್ಯವೆನ್ನಲಾಗದು. ಅದಾಗಲೇ ಉಸ್ಮಾನಿಯಾ ಖಿಲಾಫತ್ ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿದಿತ್ತು. ಮುಸ್ಲಿಮ್ ಸೈನಿಕರ ನಿಷ್ಠೆ ಕದಲೀತೆಂಬ ಭಯ ಸರಕಾರಕ್ಕಿತ್ತು. ಆಸ್ಪತ್ರೆಯ ಚಿತ್ರಗಳು ಅಂಚೆಕಾರ್ಡುಗಳಾದವು. 1915ರಲ್ಲಿ ಉರ್ದು, ಗುರುಮುಖಿಗಳಲ್ಲೂ ಪುಸ್ತಿಕೆ ಹೊರಟಿತು. ಅದೇ ಆಸ್ಪತ್ರೆಯ ಸುತ್ತ ಬೇಲಿಯಿತ್ತು, ರೋಗಿಗಳು ಮನಬಂದಂತೆ ಪೇಟೆಗೆ ಹೋಗುವಂತಿರಲಿಲ್ಲ ಎಂಬುದನ್ನೂ ಓದುಗರು ಮರೆಯಬಾರದು. ಆದರೂ ಗಾಯಾಳುವಿಗೆ ಹಲಾಲ್ ಅನ್ನ ಸಿಕ್ಕಿತು. ಉದ್ದೇಶ ಏನೇ ಇರಲಿ, ಅದನ್ನು ಅಲ್ಲಗಳೆಯಲಾರೆ.

ಅಲ್ಲಿದ್ದವರಲ್ಲಿ ಒಬ್ಬರು ಅಫ್ರೀದಿ ಪಠಾಣರಾದ ಮೀರ್ ದಸ್ತ್. ಈಪ್ರ್ ಕಾಳಗದಲ್ಲಿ ವಿಷಾನಿಲಕ್ಕೆ ತುತ್ತಾದವರು. 1915ರ ಆಗಸ್ಟಿನಲ್ಲಿ ದೊರೆಯೇ ಬಂದು ವಿಕ್ಟೋರಿಯಾ ಕ್ರಾಸ್ ತೊಡಿಸಿದಾಗ, ಒಮ್ಮೆ ಗಾಯಗೊಂಡವರನ್ನು ಮತ್ತೆ ಕಂದಕಗಳಿಗೆ ಕಳುಹಿಸಬೇಡಿರೆಂದು ಅವರು ಬಿನ್ನವಿಸಿಕೊಂಡರು.

ಮೃತಪಟ್ಟ ಮುಸ್ಲಿಮರನ್ನು ವೋಕಿಂಗ್‌ಗೆ ಒಯ್ಯಲಾಗುತ್ತಿತ್ತು. ಅಲ್ಲಿ 1889ರಲ್ಲಿ, ಭೋಪಾಲದ ಬೇಗಂ ಷಾಜಹಾನ್‌ರ ನೆರವಿನಿಂದ ಕಟ್ಟಲ್ಪಟ್ಟ, ನಿಜವಾದ ಮಸೀದಿಯೊಂದಿತ್ತು. ಅದಕ್ಕೆ ಹತ್ತಿರದ ಬಯಲಿನಲ್ಲಿ ಜನಾಝ ನಮಾಝಿನೊಂದಿಗೆ ಅವರ ದಫನವಾಯಿತು.