ಶಾಲಾಮಕ್ಕಳ ವನಶಿಬಿರ: ಕರಾವಳಿಯ ಒಂದು ಚಾರಿತ್ರಿಕ ವಿವೇಚನೆ

೧

ಉಡುಪಿ ಜಿಲ್ಲೆಯ ದಕ್ಷಿಣದ ಗಡಿಯಲ್ಲಿ, ಶಾಂಭವೀ ನದಿಯ ಉತ್ತರ ದಡದ ಮೇಲೆ ಹೆಜಮಾಡಿ ಎಂಬ ಊರಿದೆ. ನದಿಯ ಆಚೆಗೆ ಮೂಲ್ಕಿ, ಪಶ್ಚಿಮಕ್ಕೆ ಕಡಲು. ಮೀನುಗಾರಿಕೆ, ತೆಂಗು, ಗದ್ದೆಬೇಸಾಯಗಳಿಂದ ಬದುಕಿದ ಊರು ಇದು, ಕಾಡಿನ ಊರಲ್ಲ. ೨೦೦೨ರಲ್ಲಿ, ಪ್ರೌಢಶಾಲೆಯಲ್ಲಿ ಓದುತ್ತಿದ್ದ ನಾವು ಸಹಪಾಠಿಗಳೊಡನೆ ಈ ಊರಿನಿಂದ ಬಸ್ಸು ಹತ್ತಿ, ಪಡುಬಿದ್ರಿ, ಬೆಳ್ಮಣ್ಣು, ಕಾರ್ಕಳಗಳನ್ನು ದಾಟಿ, ಹೆಬ್ರಿಯ ಆಚೆಗೆ ಘಟ್ಟದ ಬುಡದ ಕಾಡಿನಲ್ಲಿ ನಡೆದ ಮೂರು ದಿನಗಳ ಸಾಹಸ ಶಿಬಿರಕ್ಕೆ ಹೋಗಿದ್ದೆವು. ಅಲ್ಲಿ ಬರೆದ ದಿನಚರಿಯ ಪುಸ್ತಕವು ಇಂದಿಗೂ ನಮ್ಮ ಬಳಿ ಇದೆ. ಪ್ರಕೃತ ಲೇಖನಕ್ಕೆ ಆ ಪುಸ್ತಕವೇ ಪ್ರೇರಣೆ. ಅದಕ್ಕಿಂತಲೂ ಹೆಚ್ಚಾಗಿ, ಆ ಪುಸ್ತಕದಲ್ಲಿ ಇಲ್ಲದಿರುವ ಒಂದು ಮಾತು ಪ್ರೇರಣೆ.

ಮೊದಲನೆಯ ರಾತ್ರಿ ಬೆಂಕಿಯ ಸುತ್ತ ಕುಳಿತಿದ್ದ ನಮಗೆ ಶಿಬಿರದ ಹಿರಿಯರೊಬ್ಬರು, ಇದು ಮನುಷ್ಯರ ಸುಳಿವೇ ಇಲ್ಲದ ಕಾಡೆಂದು ತಿಳಿಸಿದರು. ನಾವು ಹಿಗ್ಗಿದೆವು, ಹೆದರಿದೆವು ಕೂಡ. ಮರುದಿನ ಬೆಳಿಗ್ಗೆ ನಮಗೆ ದಾರಿ ತೋರಿಸಲು ಬಂದವರು ಮಲೆಕುಡಿಯ ಸಮುದಾಯದ ಒಬ್ಬ ವೃದ್ಧರು. ಅವರ ಮನೆ ಅಲ್ಲಿಂದ ಅರ್ಧ ಗಂಟೆಯ ಕಾಲುಹಾದಿಯಷ್ಟು ದೂರದಲ್ಲಿತ್ತು. ಏರುದಾರಿಯ ಒಂದೆಡೆ ನಿಂತು, ಎಳೆಯ ಮರಗಳು ದಟ್ಟವಾಗಿ ಬೆಳೆದಿದ್ದ ಇಳಿಜಾರನ್ನು ಕೈಯಿಂದ ತೋರಿಸಿ, "ಮಕ್ಕಳೇ, ನನ್ನ ಅಜ್ಜನ ಕಾಲದಲ್ಲಿ ಇಲ್ಲಿ ರಾಗಿ ಬಿತ್ತುತ್ತಿದ್ದರಂತೆ" ಎಂದು ತುಳುವಿನಲ್ಲಿ ಹೇಳಿದರು. ನಾವು ಕೇಳಿ ಮುಂದೆ ನಡೆದೆವು.

ದಿನಚರಿಯಲ್ಲಿ ಹಗ್ಗದ ಸೇತುವೆಯ ವರ್ಣನೆ ಇದೆ, ಡೇರೆ ಕಟ್ಟಿದ ಕ್ರಮವಿದೆ, ಇಂಬಳಗಳ ಕಾಟವಿದೆ. ಆ ವೃದ್ಧರಾಗಲಿ ಅವರ ಮಾತಾಗಲಿ ಅದರಲ್ಲಿ ಇಲ್ಲ. ವೇಳೆ, ಚಟುವಟಿಕೆ, ಕಲಿತ ಪಾಠ ಎಂಬ ಮೂರು ಅಂಕಣಗಳನ್ನು ಮುಂದಾಗಿಯೇ ಗೆರೆ ಎಳೆದು ಕೊಟ್ಟಿದ್ದರು. ಅವರ ಮಾತು ಈ ಮೂರರಲ್ಲಿ ಯಾವುದಕ್ಕೂ ಸೇರಲಿಲ್ಲ. ಮಾನವರಿಲ್ಲದ ಕಾಡು ಎಂಬ ಭಾವನೆ ನಮ್ಮಂತಹ ಮಕ್ಕಳ ಮನಸ್ಸಿಗೆ ಬಂದುದು ಹೇಗೆ? ಈ ಪ್ರಶ್ನೆಯನ್ನು ಇತಿಹಾಸದ ನೆಲೆಯಿಂದ ವಿಚಾರಿಸುವುದೇ ನಮ್ಮ ಉದ್ದೇಶ.

೨

ದಕ್ಷಿಣ ಕನ್ನಡದ ಹಳೆಯ ಜೀವನಕ್ರಮದಲ್ಲಿ ಕಾಡು ಮನೆಯಿಂದ ದೂರದ ವಸ್ತುವಾಗಿರಲಿಲ್ಲ. ಈ ಪ್ರದೇಶದವರ ಮಾತನ್ನೇ ಗಮನಿಸಿದರೂ ಇದು ಸ್ಪಷ್ಟವಾಗುತ್ತದೆ. ನಾಗನ ಕಲ್ಲುಗಳನ್ನು ಕಾಯ್ದುಕೊಂಡ ಮರಗಳ ಗುಂಪು ಬನ. ಊರಿನ ಅಂಚಿನ ಮರಗಾಡು ಹಾಡಿ. ಮನೆಯ ಹಿಂದಿನ ಏರು ಗುಡ್ಡೆ. ಘಟ್ಟದ ದಟ್ಟಡವಿ ಮಲೆ. ಒಂದೊಂದು ಹೆಸರಿಗೂ ಒಂದೊಂದು ಬಳಕೆ, ಒಂದೊಂದು ಕಟ್ಟುಪಾಡು ಇದ್ದಿತು. ಇವೆಲ್ಲವನ್ನೂ ಒಂದೇ ಪದದಲ್ಲಿ ಅಡಗಿಸುವ 'ಜಂಗಲ್' ಎಂಬ ಮಾತಿನ ಮೂಲವಾದ ಸಂಸ್ಕೃತದ 'ಜಾಂಗಲ' ಶಬ್ದಕ್ಕೆ, ಆಯುರ್ವೇದ ಗ್ರಂಥಗಳಲ್ಲಿ, ನೀರು ಕಡಮೆಯಾದ ಒಣ ಬಯಲುನಾಡು ಎಂದು ಅರ್ಥ. ಅದಕ್ಕೆ ವಿರುದ್ಧವಾದ ಜೌಗು ನಾಡು 'ಅನೂಪ'. ಈ ಲೆಕ್ಕದಲ್ಲಿ ಮಳೆಯಿಂದ ತೊಯ್ಯುವ ನಮ್ಮ ನಾಡು ಅನೂಪಕ್ಕೆ ಸಮೀಪವಾದುದೇ ಹೊರತು ಜಾಂಗಲವಲ್ಲ.

ಭೂಕಂದಾಯದ ವ್ಯವಸ್ಥೆಯೂ ಈ ಸಾಮೀಪ್ಯವನ್ನು ಮಾನ್ಯಮಾಡಿತ್ತು. ಕದೀಮ್ ವರ್ಗದ ಜಮೀನಿಗೆ ಹೊಂದಿ ೧೦೦ ಗಜಗಳೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ತರಗೆಲೆಗಳನ್ನು ತರಲು ಮತ್ತು ದನ ಮೇಯಿಸಲು ವರ್ಗದಾರನಿಗೆ ಇದ್ದ ಸೌಲಭ್ಯವೇ ಕುಮ್ಕಿ. ಗುಡ್ಡೆಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ ಹೋಗುತ್ತಿತ್ತು. ಸೊಪ್ಪಿನ ಹೊರೆ ಹೊತ್ತು ಇಳಿಯುವ ಹುಡುಗನಿಗೆ ಗುಡ್ಡೆ ಹತ್ತುವುದು ಸಾಹಸವಲ್ಲ, ದಿನದ ಕೆಲಸ. ಈ ಸೌಲಭ್ಯ ಜಮೀನುಳ್ಳವರಿಗೆ ಸೇರಿದ್ದೆಂಬುದನ್ನೂ, ಹೊರೆ ಹೊರುವವರು ಅನೇಕ ವೇಳೆ ಜಮೀನಿಲ್ಲದವರೆಂಬುದನ್ನೂ ಇಲ್ಲಿ ಮರೆಯಬಾರದು.

ಘಟ್ಟದ ಇಳಿಜಾರುಗಳಲ್ಲಿ ಇನ್ನೊಂದು ಬಗೆಯ ಬಾಳ್ವೆ ಇದ್ದಿತು. ಕಾಡಿನ ಒಂದು ತುಂಡನ್ನು ಕಡಿದು, ಬೇಸಿಗೆಯಲ್ಲಿ ಸುಟ್ಟು, ಮಳೆ ಬಿದ್ದೊಡನೆ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತಿ, ಬೆಳೆ ತೆಗೆದ ಮೇಲೆ ಆ ನೆಲವನ್ನು ಮತ್ತೆ ಕಾಡಿಗೆ ಬಿಟ್ಟು ಬೇರೆಡೆಗೆ ಹೋಗುವ ಈ ಬೇಸಾಯಕ್ಕೆ ಕುಮರಿ ಎಂದು ಹೆಸರು. ೧೮೦೦–೦೧ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಬಗೆಯ ಬೇಸಾಯವನ್ನು ತನ್ನ ಪ್ರವಾಸಗ್ರಂಥದಲ್ಲಿ ವಿವರಿಸಿದ್ದಾನೆ. ಆಂಗ್ಲ ಸರಕಾರಕ್ಕೆ ಹಡಗಿಗೂ ರೈಲು ಹಾದಿಗೂ ಬೇಕಾದ ಮರ ಮುಖ್ಯವಾದಾಗ ಕುಮರಿಯು ಅಪರಾಧದಂತೆ ಕಾಣತೊಡಗಿತು. ೧೮೬೦ರಲ್ಲಿ ಮದ್ರಾಸು ಸರಕಾರವು ಕೆನರಾದ ಸರಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ೧೮೮೨ರ ಮದ್ರಾಸು ಅರಣ್ಯ ಕಾಯಿದೆಯು ಕಾಯ್ದಿಟ್ಟ ಅರಣ್ಯಗಳಿಗೆ ಭದ್ರವಾದ ಎಲ್ಲೆಯನ್ನು ಹಾಕಿತು. ಆ ವೃದ್ಧರು ತೋರಿಸಿದ ಇಳಿಜಾರಿನ ಹಿಂದೆ ಇಂತಹ ದೀರ್ಘ ಚರಿತ್ರೆ ಇದೆ. ಕಾನೂನಿನ ಕಣ್ಣಿಗೆ ಅದು ಕಾಡಾಯಿತು. ಆ ಕುಟುಂಬದ ನೆನಪಿನಲ್ಲಿ ಮಾತ್ರ ಅದು ಹೊಲವಾಗಿಯೇ ಉಳಿಯಿತು.

೩

ಕಾಡಿಗೂ ಬಳಕೆದಾರನಿಗೂ ನಡುವೆ ಎಲ್ಲೆ ಬಿದ್ದು ಒಂದು ತಲೆಮಾರು ಕಳೆಯುವಷ್ಟರಲ್ಲಿ, ಕಾಡನ್ನು ಶಿಕ್ಷಣದ ಸಾಧನವನ್ನಾಗಿ ಮಾಡುವ ಚಳವಳಿಯೊಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ೧೯೦೭ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಬೇಡನ್ ಪೊವೆಲನು ಬ್ರೌನ್‌ಸೀ ಎಂಬ ಚಿಕ್ಕ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರವನ್ನು ನಡೆಸಿದನು. ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿಯುವ ವರ್ಗದ ಹುಡುಗರನ್ನೂ ಬೆರೆಸಿ ನಾಲ್ಕು ದಳಗಳನ್ನಾಗಿ ಮಾಡಿದುದು ಆ ಕಾಲಕ್ಕೆ ಹೊಸತು. ಮರುವರ್ಷ ಅವನ ಪುಸ್ತಕ ಪ್ರಕಟವಾಗಿ ಸ್ಕೌಟ್ ಚಳವಳಿ ಹಬ್ಬಿತು. ಬೇಡನ್ ಪೊವೆಲನು ೧೮೭೬ರಲ್ಲಿ ಸೈನ್ಯಾಧಿಕಾರಿಯಾಗಿ ಭಾರತಕ್ಕೆ ಬಂದಿದ್ದವನು. ಹೆಜ್ಜೆಗುರುತು ಹಿಡಿಯುವುದು, ಸದ್ದಿಲ್ಲದೆ ನಡೆಯುವುದು, ಆಕಾಶದ ಕೆಳಗೆ ಮಲಗುವುದು ಮೊದಲಾದ ಸೈನಿಕ ಗೂಢಚಾರನ ವಿದ್ಯೆಗಳೇ ಅವನ ಕೈಯಲ್ಲಿ ಬಾಲಕರ ಆಟಗಳಾದುವು.

ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ೧೯೧೬ರಲ್ಲಿ ಎಳೆಯ ಹುಡುಗರಿಗಾಗಿ ತೋಳಮರಿಗಳ ದಳವನ್ನು ಏರ್ಪಡಿಸಿದಾಗ ಅದರ ಕಥಾವಸ್ತುವನ್ನೆಲ್ಲ ಕಿಪ್ಲಿಂಗನ ೧೮೯೪ರ 'ಜಂಗಲ್ ಬುಕ್' ಗ್ರಂಥದಿಂದ ತೆಗೆದುಕೊಳ್ಳಲಾಯಿತು. ಮಧ್ಯಭಾರತದ ಸಿವನಿಯ ಕಾಡನ್ನು ಕುರಿತು ಆಂಗ್ಲ ಭಾಷೆಯಲ್ಲಿ ಹುಟ್ಟಿದ ಕಥೆಯು ಬಾಲಕರ ಆಚರಣೆಯಾಗಿ ಭಾರತಕ್ಕೆ ಮರಳಿ ಬಂದಿತು. ಅಕೇಲಾ ಎಂಬ ತೋಳದ ಹೆಸರನ್ನು ಬಲ್ಲ ನಮ್ಮ ಹುಡುಗನಿಗೆ ತನ್ನೂರಿನ ಬನದ ಮರಗಳ ಹೆಸರು ತಿಳಿಯದಿರುವುದು ಸಾಧ್ಯವಾಯಿತು. ಕಾಡನ್ನು ನೋಡುವ ಕನ್ನಡಕ ಹೊರಗಿನಿಂದ ಬಂದುದಕ್ಕೆ ಇದು ಒಳ್ಳೆಯ ನಿದರ್ಶನ.

ಭಾರತದಲ್ಲಿ ಮೊದಲ ಸ್ಕೌಟ್ ದಳವು ೧೯೦೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಆದರೆ ಪ್ರಾರಂಭದಲ್ಲಿ ಅದು ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗೆ ಮೀಸಲಾಗಿತ್ತು. ಈ ತಾರತಮ್ಯಕ್ಕೆ ಉತ್ತರವಾಗಿ ಆನಿ ಬೆಸಂಟರು ಜಾರ್ಜ್ ಅರುಂಡೇಲರ ನೆರವಿನಿಂದ ೧೯೧೭ರಲ್ಲಿ ಮದ್ರಾಸಿನಲ್ಲಿ ಭಾರತೀಯ ಬಾಲಕರ ಸ್ಕೌಟ್ ಸಂಘವನ್ನು ಸ್ಥಾಪಿಸಿದರು. ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜರು ಮೊದಲಾದವರು ಸೇವಾಸಮಿತಿಯ ಸ್ಕೌಟ್ ದಳವನ್ನು ಕಟ್ಟಿದರು. ಅಂದಿನ ದಕ್ಷಿಣ ಕನ್ನಡವು ಮದ್ರಾಸು ಪ್ರಾಂತಕ್ಕೆ ಸೇರಿದ್ದರಿಂದ ಬೆಸಂಟರ ಯತ್ನವು ಈ ಜಿಲ್ಲೆಗೆ ಹೊರಗಿನದಾಗಿರಲಿಲ್ಲ. ಶಿಬಿರದ ಡೇರೆಯೊಳಗೂ ರಾಷ್ಟ್ರೀಯ ಭಾವನೆ ಪ್ರವೇಶಿಸಿದ ಬಗೆ ಇದು. ಸ್ವಾತಂತ್ರ್ಯಾನಂತರ, ೧೯೫೦ರ ನವೆಂಬರ್ ೭ರಂದು ಬೇರೆ ಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಸಂಸ್ಥೆ ರೂಪುಗೊಂಡಿತು. ಮುಂದಿನ ವರ್ಷ ಗೈಡುಗಳೂ ಸೇರಿದರು.

ಈ ಚಳವಳಿಯ ಗುಣವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಯಾರ ಮನೆಯಲ್ಲಿ ಯಾರು ಉಣ್ಣಬಹುದೆಂಬುದನ್ನು ಜಾತಿಯು ನಿರ್ಧರಿಸುತ್ತಿದ್ದ ಸಮಾಜದಲ್ಲಿ, ಒಂದೇ ಒಲೆಯ ಮೇಲೆ ಬೇಯಿಸಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ಶಿಬಿರವು ನಿಯಮವಾಗಿ ಮಾಡಿತು. ೨೦೦೨ರ ನಮ್ಮ ಶಿಬಿರದಲ್ಲಿಯೂ ಮೊಗವೀರರ, ಬಿಲ್ಲವರ, ಬ್ಯಾರಿಗಳ, ಬ್ರಾಹ್ಮಣರ ಮಕ್ಕಳು ಸೀದುಹೋದ ಒಂದೇ ಪಾತ್ರೆಯ ಗಂಜಿಯನ್ನು ಹಂಚಿಕೊಂಡು ಉಂಡರು. ಇದು ಸಣ್ಣ ಲಾಭವಲ್ಲ. ಆದರೆ ಸಾಲಿನಲ್ಲಿ ಕುಳಿತವರು ಯಾರೆಂದು ಕೇಳುವಂತೆಯೇ, ಸಾಲಿನ ಹೊರಗೆ ನಿಂತವರು ಯಾರೆಂದೂ ನಾವು ಕೇಳಬೇಕಾಗುತ್ತದೆ.

೪

೧೯೭೦ರ ದಶಕದಿಂದ ಈಚೆಗೆ ಶಿಬಿರದ ಉದ್ದೇಶವೇ ಬದಲಾಯಿತು. ಸ್ಕೌಟ್ ಶಿಬಿರಕ್ಕೆ ಕಾಡು ಒಂದು ಆಟದ ಬಯಲಷ್ಟೆ. ಶಿಸ್ತು, ಸೇವೆಗಳೇ ಅಲ್ಲಿ ಮುಖ್ಯ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಕಾಡು ತಾನೇ ಪಾಠದ ವಿಷಯವಾಯಿತು. ಹೆಬ್ರಿಯ ಬಳಿಯ ಸೋಮೇಶ್ವರವು ೧೯೭೪ರಲ್ಲಿ ಅಭಯಾರಣ್ಯವಾಯಿತು. ಸುಮಾರು ೬೦೦ ಚದರ ಕಿಲೋಮೀಟರು ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನವು ೧೯೮೭ರಲ್ಲಿ ಘೋಷಿತವಾಯಿತು. ಶಾಲೆಗಳಲ್ಲಿ ಪರಿಸರ ಶಿಕ್ಷಣ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿ ಆದೇಶಿಸಿತು. ಸೀತಾನದಿಯ ದಡದ ಪ್ರಕೃತಿ ಶಿಬಿರದಂತಹ ತಾಣಗಳೂ, ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಕಾರ್ಯಕ್ರಮವೂ ಈ ಹೊಸ ದೃಷ್ಟಿಯ ಫಲಗಳು. ೨೦೧೨ರಲ್ಲಿ ಕುದುರೆಮುಖ, ಸೋಮೇಶ್ವರ, ಆಗುಂಬೆಯ ಕಾಡುಗಳು ಪಶ್ಚಿಮ ಘಟ್ಟದ ಇತರ ಭಾಗಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು.

ಅದೇ ವರ್ಷಗಳಲ್ಲಿ ಅದೇ ಕಾಡಿನೊಳಗೆ ಬೇರೊಂದು ಚರಿತ್ರೆ ನಡೆಯುತ್ತಿತ್ತು. ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ ಮಲೆಕುಡಿಯರೂ ಇತರ ಕೃಷಿಕರೂ ವಾಸವಾಗಿದ್ದರು. ಇವರು ಇರಬೇಕೇ, ಹೊರಡಬೇಕೇ ಎಂಬ ವಿವಾದ ಬೆಳೆಯಿತು. ನಾವು ಶಿಬಿರದಿಂದ ಹಿಂದಿರುಗಿದ ಮರುವರ್ಷ, ೨೦೦೩ರ ನವೆಂಬರಿನಲ್ಲಿ, ಕಾರ್ಕಳ ತಾಲೂಕಿನ ಈದು ಗ್ರಾಮದಲ್ಲಿ ಪೋಲೀಸರ ಗುಂಡಿಗೆ ಇಬ್ಬರು ನಕ್ಸಲೀಯ ಯುವತಿಯರು ಬಲಿಯಾದರು. ೨೦೨೪ರ ನವೆಂಬರಿನಲ್ಲಿ ಹೆಬ್ರಿ ತಾಲೂಕಿನ ಕಬ್ಬಿನಾಲೆಯ ಕಾಡಿನಲ್ಲಿ ಮತ್ತೆ ಗುಂಡಿನ ಸದ್ದು ಕೇಳಿ ಇನ್ನೊಂದು ಜೀವ ಹೋಯಿತು. ಹಿಂಸೆಯ ಮಾರ್ಗವನ್ನು ನಾವು ಸಮರ್ಥಿಸುವವರಲ್ಲ. ಆದರೆ ಪತ್ರಿಕೆಗಳಲ್ಲಿ ಆ ಸುದ್ದಿಗಳನ್ನು ಓದಿದ ಕರಾವಳಿಯ ಹುಡುಗನಿಗೆ, ತಾನು ಹಗ್ಗ ಹಿಡಿದು ನೇತಾಡಿದ ಕಾಡಿನಲ್ಲಿ ಮನೆಗಳೂ ಮನೆಗಳ ದುಃಖವೂ ಇದ್ದುವೆಂಬುದು ಆಗಲೇ ತಿಳಿಯಬೇಕಾಗಿ ಬಂದುದು ನಮ್ಮ ಶಿಕ್ಷಣದ ಕೊರತೆಯೆಂದೇ ಹೇಳಬೇಕು. ಅರಣ್ಯವಾಸಿಗಳಿಗೆ ಆದ ಚಾರಿತ್ರಿಕ ಅನ್ಯಾಯವನ್ನು ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದೆ. ಕಾನೂನು ಒಪ್ಪಿದುದನ್ನು ಶಿಬಿರದ ಪಾಠವೂ ಒಪ್ಪುವುದು ಉಚಿತ.

೫

ಈವರೆಗೆ ವಿವೇಚಿಸಿದ ಸಂಗತಿಗಳಿಂದ ಒಂದು ನಿರ್ಣಯಕ್ಕೆ ಬರಬಹುದೆಂದು ನಮಗೆ ತೋರುತ್ತದೆ. ಕಾಡು ದಿನದ ಬಾಳಿನಿಂದ ದೂರವಾದ ಮೇಲೆಯೇ ಅದು ಸಾಹಸದ ತಾಣವಾಯಿತು. ಸೊಪ್ಪಿಗೆಂದು ಗುಡ್ಡೆ ಹತ್ತಿದ ಅಜ್ಜನಿಗೆ ಶಿಬಿರ ಬೇಕಿರಲಿಲ್ಲ. ಗೊಬ್ಬರವನ್ನು ಅಂಗಡಿಯಿಂದಲೂ ಇಂಧನವನ್ನು ಸಿಲಿಂಡರಿನಿಂದಲೂ ಪಡೆದ ಮೊಮ್ಮಗನಿಗೆ ಬೇಕಾಯಿತು. ಹೀಗೆ ದೂರವಾದುದು ಮೊದಲು ಕಾನೂನಿನಿಂದ, ಅನಂತರ ಬೇಸಾಯದ ಬದಲಾವಣೆಯಿಂದ. ಪರದೇಶದ ಪುಸ್ತಕವೊಂದು ಆ ದೂರಕ್ಕೆ ಕಥೆಯನ್ನೂ ಒದಗಿಸಿತು. ಮಾನವರಿಲ್ಲದ ಕಾಡೆಂಬುದು ಪ್ರಕೃತಿ ಕೊಟ್ಟ ಸಂಗತಿಯಲ್ಲ. ಇತಿಹಾಸದಲ್ಲಿ ರೂಪುಗೊಂಡ ಭಾವನೆ. ಶಿವರಾಮ ಕಾರಂತರು 'ಕುಡಿಯರ ಕೂಸು' ಕಾದಂಬರಿಯಲ್ಲಿ ಮಲೆಕುಡಿಯರ ಬಾಳನ್ನು ಚಿತ್ರಿಸಿ ದಶಕಗಳೇ ಕಳೆದಿದ್ದರೂ, ಶಾಲೆಯ ದಿನಚರಿಯಲ್ಲಿ ಅವರಿಗೆ ಒಂದು ಅಂಕಣ ದೊರೆಯಲಿಲ್ಲ.

ಶಿಬಿರಗಳು ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿರುವಾಗ ಇವು ಹೆಚ್ಚುವ ಸಂಭವವೇ ಇದೆ, ಹೆಚ್ಚಲಿ. ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿನಂತಿ ಬಹಳ ಚಿಕ್ಕದು. ಮಕ್ಕಳ ದಿನಚರಿಯಲ್ಲಿ ಇನ್ನೊಂದು ಅಂಕಣಕ್ಕೆ ಗೆರೆ ಎಳೆಯಿರಿ: ದಾರಿ ತೋರಿಸಿದವರು ಯಾರು, ಅವರು ಆ ಜಾಗವನ್ನು ಏನೆಂದು ಕರೆದರು, ಅದರ ವಿಷಯವಾಗಿ ಏನು ಹೇಳಿದರು. ಅಂತಹ ನೂರು ಪುಸ್ತಕಗಳು ಶಾಲೆಯ ಕಪಾಟಿನಲ್ಲಿ ಉಳಿದರೆ, ಮುಂದಿನ ಸಂಶೋಧಕನಿಗೆ ಅರಣ್ಯ ಇಲಾಖೆಯ ಕಡತಗಳಲ್ಲಿ ದೊರೆಯದ ಆಧಾರಗಳು ದೊರೆತಾವು.

ನಮ್ಮ ದಿನಚರಿಯ ಎರಡನೆಯ ದಿನದ ಪುಟದಲ್ಲಿ 'ಕಲಿತ ಪಾಠ' ಎಂಬ ಅಂಕಣವು ಅರ್ಧ ಖಾಲಿಯಾಗಿದೆ. ಈಗ ಅದನ್ನು ತುಂಬಿದರೆ ಆಧಾರವನ್ನು ತಿದ್ದಿದಂತಾಗುವುದು. ಚರಿತ್ರೆಯ ವಿದ್ಯಾರ್ಥಿ ಹಾಗೆ ಮಾಡಲಾಗದು. ಆದುದರಿಂದ ಆ ವೃದ್ಧರ ಮಾತನ್ನು, ನೆನಪಿನ ಸಾಕ್ಷ್ಯಕ್ಕಿರುವ ಎಲ್ಲ ಮಿತಿಗಳನ್ನೂ ಒಪ್ಪಿಕೊಂಡು, ಈ ಲೇಖನದಲ್ಲಿ ದಾಖಲು ಮಾಡಿದ್ದೇವೆ.