ಹಸುಗೂಸಿನ ನೋವನ್ನು ಅಳೆದ ಕಥೆ

ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಗ್ಯಾಲ್ವನೋಮೀಟರ್ ಇದೆ, ಅದರ ಮುಳ್ಳು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎನ್ನೋಣ. ಮಂಡಲದಲ್ಲಿ ವಿದ್ಯುತ್ತು ಹರಿಯುತ್ತಿದ್ದರೂ ಮುಳ್ಳು ಸೊನ್ನೆಯಲ್ಲೇ ನಿಂತಿರುತ್ತದೆ. 'ಮುಳ್ಳು ಅಲುಗಲಿಲ್ಲ, ಆದ್ದರಿಂದ ವಿದ್ಯುತ್ತಿಲ್ಲ' ಎಂದು ವಿದ್ಯಾರ್ಥಿ ಬರೆದರೆ ನೀವು ಅಂಕ ಕೊಡುವಿರಾ? ಖಂಡಿತ ಇಲ್ಲ. ಆದರೆ ಇಂಥದೇ ತೀರ್ಮಾನವನ್ನು ವೈದ್ಯವಿಜ್ಞಾನ ಹಲವು ದಶಕಗಳ ಕಾಲ ನವಜಾತ ಶಿಶುಗಳ ವಿಷಯದಲ್ಲಿ ಮಾಡಿತ್ತು. ಆ ತಪ್ಪು ಹೇಗಾಯಿತು, ಅದನ್ನು ತಿದ್ದಿದ್ದು ಯಾವ ಅಳತೆ ಎಂಬುದನ್ನು ನೋಡೋಣ.

ನೋವಿಲ್ಲ ಎಂಬ ನಂಬಿಕೆ

ಈಥರ್ ಬಳಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ವಿಲಿಯಂ ಮಾರ್ಟನ್ ಬಾಸ್ಟನ್ನಿನಲ್ಲಿ ತೋರಿಸಿದ್ದು 1846ರ ಅಕ್ಟೋಬರ್ 16ರಂದು. ಅಲ್ಲಿಂದ ಮುಂದೆ ಅರಿವಳಿಕೆ ವಯಸ್ಕರಿಗೆ ವರವಾಯಿತು. ಆದರೆ ಹಸುಗೂಸುಗಳಿಗೆ? ಅವುಗಳಿಗೆ ನೋವಿನ ಅನುಭವ ಇರಲಾರದು ಎಂಬ ಅಭಿಪ್ರಾಯ 20ನೆಯ ಶತಮಾನದಲ್ಲಿ ಬೇರೂರಿತು. 1941ರಲ್ಲಿ ಅಮೆರಿಕದ ಮರ್ಟಲ್ ಮೆಕ್‌ಗ್ರಾ ಎಂಬ ಮನೋವಿಜ್ಞಾನಿ, ಹುಟ್ಟಿ ಕೆಲವೇ ಗಂಟೆಗಳಾದ ಕೂಸುಗಳಿಂದ ಹಿಡಿದು ನಾಲ್ಕು ವರ್ಷದ ಮಕ್ಕಳವರೆಗೆ ಸೂಜಿಮೊನೆ ತಾಗಿಸಿ ಅವರ ಪ್ರತಿಕ್ರಿಯೆ ಗಮನಿಸಿದ ವರದಿ ಪ್ರಕಟಿಸಿದರು. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಪ್ರತಿಕ್ರಿಯೆ ಮಂದವಾಗಿತ್ತು. ಮಿದುಳಿನ ಹೊರಪದರ ಇನ್ನೂ ಬಲಿತಿಲ್ಲದಿರುವುದೇ ಇದಕ್ಕೆ ಕಾರಣ ಎಂದು ಅರ್ಥೈಸಲಾಯಿತು.

ಇದರ ಜೊತೆಗೆ ಇನ್ನೊಂದು ವಾದವೂ ಇತ್ತು. ನರತಂತುಗಳಿಗೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಕೂಸಿನಲ್ಲಿ ಈ ಹೊದಿಕೆ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಆದ್ದರಿಂದ ನೋವಿನ ಸಂಕೇತ ಮಿದುಳನ್ನು ತಲುಪದು ಎನ್ನುವುದು ಆ ವಾದ. ಇದನ್ನು ಒಂದು ಸರಳ ಲೆಕ್ಕದಿಂದ ನೀವೇ ಪರೀಕ್ಷಿಸಬಹುದು. ವಯಸ್ಕರಲ್ಲೂ ನೋವಿನ ಸಂಕೇತಗಳಲ್ಲಿ ಬಹುಪಾಲು ಸಾಗುವುದು ಮಯೆಲಿನ್ ಇಲ್ಲದ 'ಸಿ' ತಂತುಗಳಲ್ಲಿ. ಅದರ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ವಯಸ್ಕನ ಹಿಮ್ಮಡಿಯಿಂದ ಬೆನ್ನುಹುರಿಗೆ 1 ಮೀಟರ್ ದೂರವಿದ್ದರೆ ಸಂಕೇತಕ್ಕೆ 1 ಸೆಕೆಂಡು ಬೇಕು. ಕೂಸಿನಲ್ಲಿ ಆ ದೂರ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಬೇಕಾದದ್ದು 0.2 ಸೆಕೆಂಡು ಮಾತ್ರ! ಹೊದಿಕೆ ಇಲ್ಲದಿದ್ದರೆ ಸಂಕೇತ ನಿಧಾನವಾಗುತ್ತದೆಯೇ ಹೊರತು ನಿಂತುಹೋಗುವುದಿಲ್ಲ.

ಆ ಕಾಲದ ವೈದ್ಯರು ನಿರ್ದಯಿಗಳಾಗಿದ್ದರು ಎಂದು ಮಾತ್ರ ಭಾವಿಸಬೇಡಿ. ಅವರಿಗೆ ನಿಜವಾದ ಭಯವೊಂದಿತ್ತು. ಒಂದೆರಡು ಕಿಲೋಗ್ರಾಂ ತೂಕದ ಕೂಸಿಗೆ ಅರಿವಳಿಕೆ ತುಸು ಹೆಚ್ಚಾದರೂ ಉಸಿರಾಟ ನಿಲ್ಲಬಹುದು, ರಕ್ತದೊತ್ತಡ ಕುಸಿಯಬಹುದು. ಇದಕ್ಕೊಂದು ದಾರಿಯಾಗಿ ಬಂದದ್ದು ಕುರಾರೆ ಎಂಬ ಸ್ನಾಯು ಸಡಿಲಕ. ಇಂಗ್ಲೆಂಡಿನ ಲಿವರ್‌ಪೂಲಿನ ಜ್ಯಾಕ್ಸನ್ ರೀಸ್ 1950ರಲ್ಲಿ ನವಜಾತ ಶಿಶುಗಳಿಗೆ ನೈಟ್ರಸ್ ಆಕ್ಸೈಡ್ ಅನಿಲ ಮತ್ತು ಕುರಾರೆ ಬಳಸುವ ಕ್ರಮವನ್ನು ವಿವರಿಸಿದರು. ಇದರಿಂದ ಶಸ್ತ್ರಚಿಕಿತ್ಸೆ ಸುರಕ್ಷಿತವಾಯಿತು, ಅನೇಕ ಕೂಸುಗಳು ಬದುಕುಳಿದವು. ಆದರೆ ಕುರಾರೆ ಸ್ನಾಯುಗಳನ್ನು ನಿಶ್ಚಲಗೊಳಿಸುತ್ತದೆಯೇ ವಿನಾ ನೋವನ್ನು ಕಿಂಚಿತ್ತೂ ಕಡಿಮೆ ಮಾಡದು. ಅಳಲು, ಕೈಕಾಲು ಒದರಲು ಕೂಡ ಸ್ನಾಯುಗಳು ಬೇಕಲ್ಲವೇ? ಮುಳ್ಳು ಸಿಕ್ಕಿಹಾಕಿಕೊಂಡದ್ದು ಇಲ್ಲಿಯೇ.

ಆಕ್ಸ್‌ಫರ್ಡಿನ ಪ್ರಯೋಗ

ಇಂದೋರಿನಲ್ಲಿ ವೈದ್ಯಕೀಯ ಓದಿದ ಕನ್ವಲ್‌ಜೀತ್ ಸಿಂಗ್ ಆನಂದ್ ಎಂಬ ತರುಣ 1980ರ ದಶಕದ ಆರಂಭದಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ನವಜಾತ ಶಿಶುಗಳ ವಾರ್ಡಿನಲ್ಲಿ ಅವರು ಒಂದು ಸಂಗತಿ ಗಮನಿಸಿದರು. ಶಸ್ತ್ರಚಿಕಿತ್ಸೆಗೆ ಹೋಗುವಾಗ ಸ್ಥಿರವಾಗಿದ್ದ ಕೂಸುಗಳು ಮರಳಿ ಬರುವಾಗ ಬಿಳಿಚಿಕೊಂಡು, ನಾಡಿ ಏರುಪೇರಾಗಿ, ತೀರ ಹದಗೆಟ್ಟಿರುತ್ತಿದ್ದವು. ಶಸ್ತ್ರಕ್ರಿಯೆಯ ಕೊಠಡಿಗೇ ಹೋಗಿ ನೋಡಿದಾಗ ಕಾರಣದ ಸುಳಿವು ಸಿಕ್ಕಿತು. ಕೂಸುಗಳಿಗೆ ಸಿಗುತ್ತಿದ್ದುದು ಸ್ನಾಯು ಸಡಿಲಕ, ಅದರೊಂದಿಗೆ ತೀರ ಹಗುರವಾದ ಅರಿವಳಿಕೆ.

ಮಾತು ಬಾರದ, ಅಲುಗಾಡಲೂ ಆಗದ ಕೂಸಿನ ನೋವನ್ನು ಅಳೆಯುವುದು ಹೇಗೆ? ಮುಳ್ಳು ಕೆಟ್ಟಿದ್ದರೆ ತಂತಿಯ ಉಷ್ಣತೆಯನ್ನು ಅಳೆದು ವಿದ್ಯುತ್ತನ್ನು ಪತ್ತೆಮಾಡಬಹುದು. ಆನಂದ್, ಆಲ್ಬರ್ಟ್ ಐನ್ಸ್ಲಿ-ಗ್ರೀನ್ ಮತ್ತು ಸಂಗಡಿಗರು ಹಿಡಿದದ್ದು ಅಂಥದೇ ದಾರಿ. ದೇಹಕ್ಕೆ ಪೆಟ್ಟಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ರಕ್ತದಲ್ಲಿ ಏರುತ್ತವೆ. ಅವನ್ನು ಕುರಾರೆ ತಡೆಯಲಾರದು. ಹಾಗಾಗಿ ಅವರು ಕೂಸಿನ ರಕ್ತದ ಕೆಲವೇ ಹನಿಗಳಲ್ಲಿ ಈ ಹಾರ್ಮೋನುಗಳನ್ನು ಅಳೆದರು.

ಹೃದಯದ ಬಳಿ ಮುಚ್ಚಿಕೊಳ್ಳದೆ ಉಳಿದ ರಕ್ತನಾಳವೊಂದನ್ನು ಕಟ್ಟುವ ಶಸ್ತ್ರಚಿಕಿತ್ಸೆಗೆ ಬಂದ, ಅವಧಿಗೆ ಮುನ್ನ ಹುಟ್ಟಿದ 16 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಎಲ್ಲರಿಗೂ ನೈಟ್ರಸ್ ಆಕ್ಸೈಡ್ ಮತ್ತು ಕುರಾರೆ ಕೊಟ್ಟರು. 8 ಶಿಶುಗಳಿಗೆ ಮಾತ್ರ ಇದರೊಂದಿಗೆ ಪ್ರಬಲ ನೋವು ನಿವಾರಕವಾದ ಫೆಂಟನಿಲ್ ಅನ್ನು ದೇಹತೂಕದ ಪ್ರತಿ ಕಿಲೋಗ್ರಾಮಿಗೆ 10 ಮೈಕ್ರೋಗ್ರಾಮಿನಂತೆ ನೀಡಿದರು. ಫಲಿತಾಂಶ 1987ರ ಜನವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಫೆಂಟನಿಲ್ ಸಿಗದ ಕೂಸುಗಳಲ್ಲಿ ಅಡ್ರಿನಲಿನ್, ಗ್ಲುಕಗಾನ್, ರಕ್ತದ ಗ್ಲುಕೋಸು, ಲ್ಯಾಕ್ಟೇಟು ಎಲ್ಲವೂ ಹೆಚ್ಚು ಏರಿದ್ದವು. ಶಸ್ತ್ರಚಿಕಿತ್ಸೆಯ ಎರಡನೆಯ, ಮೂರನೆಯ ದಿನವೂ ಅವುಗಳ ಸ್ನಾಯು ಪ್ರೊಟೀನು ಹೆಚ್ಚು ಕರಗುತ್ತಿತ್ತು. ತೊಡಕುಗಳೂ ಅವುಗಳಲ್ಲೇ ಹೆಚ್ಚು.

ನೋವಿಗೂ ರೋಗರಕ್ಷಣೆಗೂ ಏನು ಸಂಬಂಧ?

1936ರಲ್ಲಿ ಹಾನ್ಸ್ ಸೆಲ್ಯೆ, ಹಾನಿಗೊಳಗಾದ ಇಲಿಗಳಲ್ಲಿ ಅಡ್ರಿನಲ್ ಗ್ರಂಥಿ ಹಿಗ್ಗುವುದನ್ನೂ ಥೈಮಸ್ ಗ್ರಂಥಿ ಕುಗ್ಗುವುದನ್ನೂ ವರದಿ ಮಾಡಿದ್ದರು. ರೋಗಾಣುಗಳ ವಿರುದ್ಧ ಹೋರಾಡುವ 'ಟಿ' ಲಿಂಫೋಸೈಟುಗಳು ಬಲಿಯುವುದು ಥೈಮಸ್‌ನಲ್ಲಿ ಎಂಬುದು ನಿಮಗೆ ಗೊತ್ತು. ಕಾರ್ಟಿಸಾಲ್ ಏರಿದಾಗ ರಕ್ತದಲ್ಲಿ ಲಿಂಫೋಸೈಟುಗಳ ಸಂಖ್ಯೆ ಇಳಿಯುತ್ತದೆ. ಅಂಗ ಕಸಿ ಮಾಡಿಸಿಕೊಂಡವರಿಗೆ ರೋಗರಕ್ಷಣೆಯನ್ನು ತಗ್ಗಿಸಲೆಂದೇ ಇದೇ ಜಾತಿಯ ಸ್ಟೀರಾಯ್ಡುಗಳನ್ನು ಕೊಡುವುದುಂಟು. ಅಂದರೆ ತಣಿಸದ ನೋವು, ಸೋಂಕಿನ ಅಪಾಯ ಅತಿ ಹೆಚ್ಚಿರುವ ಹೊತ್ತಿನಲ್ಲೇ ಕೂಸಿನ ಕಾವಲುಗಾರರನ್ನು ದುರ್ಬಲಗೊಳಿಸುತ್ತದೆ.

ಇದು ಬರೀ ಊಹೆಯಲ್ಲ. 1992ರಲ್ಲಿ ಆನಂದ್ ಮತ್ತು ಪಾಲ್ ಹಿಕಿ ಬಾಸ್ಟನ್ನಿನಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ 45 ನವಜಾತ ಶಿಶುಗಳಲ್ಲಿ 30ಕ್ಕೆ ಸಫೆಂಟನಿಲ್‌ನಿಂದ ಗಾಢ ಅರಿವಳಿಕೆ ನೀಡಿ, ಶಸ್ತ್ರಚಿಕಿತ್ಸೆಯ ನಂತರವೂ ನೋವು ನಿವಾರಕವನ್ನು ಮುಂದುವರಿಸಿದ್ದರು. ಉಳಿದ 15ಕ್ಕೆ ಹ್ಯಾಲೋಥೇನ್ ಮತ್ತು ಮಾರ್ಫೀನ್ ನೀಡುವ ಹಗುರ ಕ್ರಮ. ಮೊದಲ ಗುಂಪಿನಲ್ಲಿ ಹಾರ್ಮೋನುಗಳ ಏರಿಕೆ ಕಡಿಮೆ, ರಕ್ತದ ಸೋಂಕೂ ಕಡಿಮೆ. ಅಲ್ಲಿ ಒಂದು ಕೂಸೂ ಸಾಯಲಿಲ್ಲ. ಎರಡನೆಯ ಗುಂಪಿನಲ್ಲಿ 4 ಕೂಸುಗಳು ತೀರಿಕೊಂಡವು. ಇವು ಸಣ್ಣ ಸಂಖ್ಯೆಗಳು ಎಂಬ ಎಚ್ಚರ ಇರಲಿ. ಆದರೂ ನೋವು ತಣಿಸುವುದು ಬರೀ ಕರುಣೆಯ ಮಾತಲ್ಲ, ಚಿಕಿತ್ಸೆಯ ಭಾಗವೇ ಎಂಬುದನ್ನು ಅವು ಸೂಚಿಸಿದವು.

ಬದಲಾವಣೆಗೆ ವಿಜ್ಞಾನಿಗಳಷ್ಟೇ ಕಾರಣರಲ್ಲ. 1985ರಲ್ಲಿ ಅಮೆರಿಕದಲ್ಲಿ, ಅವಧಿಗೆ ಮುನ್ನ ಹುಟ್ಟಿದ ತನ್ನ ಕೂಸಿಗೆ ನೋವು ನಿವಾರಕವಿಲ್ಲದೆ ಬರೀ ಸ್ನಾಯು ಸಡಿಲಕದಲ್ಲಿ ಶಸ್ತ್ರಚಿಕಿತ್ಸೆಯಾಯಿತೆಂದು ಆ ಮಗು ತೀರಿಕೊಂಡ ಮೇಲೆ ತಿಳಿದ ತಾಯಿಯೊಬ್ಬರು ಸುಮ್ಮನಿರಲಿಲ್ಲ. ಮರುವರ್ಷ ವಿಷಯ ಪತ್ರಿಕೆಗಳಿಗೆ ಬಂತು. 1987ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಬರೀ ವಯಸ್ಸಿನ ಕಾರಣಕ್ಕೆ ಅರಿವಳಿಕೆ ನಿರಾಕರಿಸಕೂಡದು ಎಂದು ಹೇಳಿತು.

ಕಥೆ ಮುಗಿದಿಲ್ಲ

ಹಾಗಾದರೆ ಮಾರ್ಫೀನನ್ನು ಧಾರಾಳವಾಗಿ ಕೊಟ್ಟುಬಿಡಬಹುದೇ? ಅಷ್ಟು ಸುಲಭವಲ್ಲ. ಒತ್ತಡಕ್ಕೆ ಸಿಕ್ಕ ಇಲಿಗಳಲ್ಲಿ, ಸೋಂಕಿತ ಜೀವಕೋಶಗಳನ್ನು ಕೊಲ್ಲುವ 'ಎನ್‌ಕೆ' ಕೋಶಗಳ ಚಟುವಟಿಕೆಯನ್ನು ದೇಹದ ಸ್ವಂತ ಓಪಿಯಾಯ್ಡುಗಳೇ ತಗ್ಗಿಸುತ್ತವೆ ಎಂದು ಅಮೆರಿಕದ ಜಾನ್ ಲೀಬ್‌ಸ್ಕಿಂಡ್ ಅವರ ತಂಡ 1984ರಲ್ಲೇ ತೋರಿಸಿತ್ತು. ಅದೇ ತಂಡದ 1993ರ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ ಇಲಿಗಳಿಗೆ ಮಾರ್ಫೀನ್ ಕೊಟ್ಟಾಗ ಕ್ಯಾನ್ಸರ್ ಹರಡುವುದು ಕಡಿಮೆಯಾಯಿತು! ಔಷಧವೂ ರೋಗರಕ್ಷಣೆಯನ್ನು ತಗ್ಗಿಸಬಹುದು, ನೋವೂ ತಗ್ಗಿಸಬಹುದು. ಯಾವುದು ಮೇಲುಗೈ ಎಂಬುದು ಸಂದರ್ಭಕ್ಕೆ ಬಿಟ್ಟದ್ದು. ಉಸಿರಾಟದ ಯಂತ್ರದ ಮೇಲಿದ್ದ 898 ಶಿಶುಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾರ್ಫೀನನ್ನು ಸತತವಾಗಿ ಹರಿಸಿದ್ದರಿಂದ ಸಾವಾಗಲಿ ಮಿದುಳಿನ ತೀವ್ರ ರಕ್ತಸ್ರಾವವಾಗಲಿ ಕಡಿಮೆಯಾಗಲಿಲ್ಲ. ಈ ಅಧ್ಯಯನದ ಮುಂದಾಳು ಆನಂದ್ ಅವರೇ! ತಮ್ಮ ನಂಬಿಕೆಯನ್ನೂ ತಾವೇ ಪರೀಕ್ಷೆಗೆ ಒಡ್ಡಿದ್ದು ಗಮನಾರ್ಹ.

ಆದ್ದರಿಂದ ಈಗಿನ ಕ್ರಮ ಒಂದೇ ಔಷಧವನ್ನು ನೆಚ್ಚಿಕೊಳ್ಳುವುದಿಲ್ಲ. ಪ್ಯಾರಾಸಿಟಮಾಲ್, ಅಗತ್ಯವಿದ್ದಷ್ಟೇ ಓಪಿಯಾಯ್ಡು, ಬೆನ್ನಿನ ಕೆಳತುದಿಯಲ್ಲಿ ನೀಡುವ ಸ್ಥಳೀಯ ಅರಿವಳಿಕೆ ಇವುಗಳನ್ನು ಹದವಾಗಿ ಬೆರೆಸುತ್ತಾರೆ. ಕೊನೆಯದು ಮಂಡಲದ ಸ್ವಿಚ್ಚನ್ನು ತೆಗೆದಂತೆ. ಸಂಕೇತ ಮಿದುಳನ್ನು ತಲುಪುವ ಮೊದಲೇ ತಡೆಯುತ್ತದೆ. ಮಾತು ಬಾರದ ಮಗುವಿನ ಮುಖಭಾವ, ಕಾಲಿನ ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಇವಕ್ಕೆ ಅಂಕ ಹಾಕಿ ನೋವನ್ನು ಅಂದಾಜು ಮಾಡುತ್ತಾರೆ. ಚುಚ್ಚುಮದ್ದಿನ ಹೊತ್ತಿನಲ್ಲಿ ತಾಯಿ ಮೊಲೆಹಾಲು ಕುಡಿಸುತ್ತಿದ್ದರೆ ಕೂಸಿನ ನೋವು ಕಡಿಮೆಯಾಗುತ್ತದೆ ಎಂಬುದೂ ಪರೀಕ್ಷೆಗಳಿಂದ ತಿಳಿದಿದೆ.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿತು. ನೋವನ್ನು ತಿಳಿಸಲು ಮಾತು ಒಂದು ಬಗೆ ಮಾತ್ರ, ತಿಳಿಸಲಾಗದಿದ್ದ ಮಾತ್ರಕ್ಕೆ ನೋವಿಲ್ಲ ಎನ್ನಲಾಗದು ಎಂಬುದು ಅದರ ಟಿಪ್ಪಣಿಗಳಲ್ಲಿ ಸೇರಿದೆ. ಶಿಕ್ಷಕರೇ, ಮುಂದಿನ ಸಲ ನಿಮ್ಮ ವಿದ್ಯಾರ್ಥಿಯೊಬ್ಬ 'ಮುಳ್ಳು ಅಲುಗಲಿಲ್ಲ ಸಾರ್' ಎಂದಾಗ, ಸೊನ್ನೆ ಎಂದು ಬರೆಯುವ ಮೊದಲು ಉಪಕರಣ ಸರಿಯಿದೆಯೇ ಎಂದು ನೋಡಲು ಹೇಳಿ. ಜೊತೆಗೆ ಈ ಕೂಸುಗಳ ಕಥೆಯನ್ನೂ ಹೇಳಿ.