ಮಗಳು ಕಂಡ ವಕೀಲರು

ಸಣ್ಣ ಊರಿನ ವಕೀಲರ ಬದುಕು ಸಾಮಾನ್ಯವಾಗಿ ಇತಿಹಾಸದ ಪುಟಗಳನ್ನು ಸೇರುವುದಿಲ್ಲ. ಅವರು ಬರೆದ ಕ್ರಯಪತ್ರ, ಉಯಿಲು, ವಿಭಾಗಪತ್ರಗಳು ಕಚೇರಿಯ ಕಪಾಟುಗಳಲ್ಲಿ ಉಳಿಯುತ್ತವೆ. ಬರೆದವರ ಹೆಸರು ಎರಡು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮ ರಾಜ್ಯದ ಮನ್ರೋವಿಲ್ ಎಂಬ ಪುಟ್ಟ ಊರಿನಲ್ಲಿ ಸುಮಾರು ಅರ್ಧ ಶತಮಾನ ಬಾಳಿದ ಅಮಾಸ ಕೋಲ್‌ಮನ್ ಲೀ ಅವರ ಕಥೆಯೂ ಹಾಗೆಯೇ ಮುಗಿಯಬೇಕಿತ್ತು. ಆದರೆ ಅವರ ಕಿರಿಯ ಮಗಳು ನೆಲ್ ಹಾರ್ಪರ್ ಲೀ 1960ರಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿ ಬರುವ ವಕೀಲ ಆಟಿಕಸ್ ಫಿಂಚ್ ಎಂಬ ಪಾತ್ರಕ್ಕೆ ತಂದೆಯೇ ಮಾದರಿಯಾದರು. ಲೋಕವು ಅಂದಿನಿಂದ ಆಟಿಕಸ್ಸನನ್ನು ಬಲ್ಲದು. ಅವನ ಹಿಂದೆ ನಿಂತಿದ್ದ ನಿಜವಾದ ಮನುಷ್ಯನನ್ನು ಅರಿತವರು ಕಡಿಮೆ.

ಲೀ ಅವರು ಹುಟ್ಟಿದ್ದು 1880ರಲ್ಲಿ, ಅಲಬಾಮದ ಜಾರ್ಜಿಯಾನದಲ್ಲಿ. ಬೆಳೆದದ್ದು ಫ್ಲಾರಿಡಾದಲ್ಲಿ, ಅಷ್ಟೇನೂ ಅನುಕೂಲವಿಲ್ಲದ ಕುಟುಂಬದಲ್ಲಿ. ಕಾಲೇಜಿನ ಮೆಟ್ಟಿಲು ಹತ್ತುವ ಭಾಗ್ಯ ಅವರಿಗಿರಲಿಲ್ಲ. ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು, ಆಮೇಲೆ ಲೆಕ್ಕಪತ್ರ ಬರೆಯುವ ಕೆಲಸಕ್ಕೆ ಸೇರಿದರು. 1910ರಲ್ಲಿ ಫ್ರಾನ್ಸಿಸ್ ಕನಿಂಗ್‌ಹ್ಯಾಮ್ ಫಿಂಚ್ ಎಂಬುವರನ್ನು ವಿವಾಹವಾದರು. ಕೆಲವೇ ವರ್ಷಗಳಲ್ಲಿ ಈ ದಂಪತಿ ಮನ್ರೋವಿಲ್‌ಗೆ ಬಂದು ನೆಲೆಸಿದರು. ಅಲ್ಲಿನ ವಕೀಲರ ಕಚೇರಿಯೊಂದು ನಡೆಸುತ್ತಿದ್ದ ಚಿಕ್ಕ ರೈಲುಮಾರ್ಗದ ಹಣಕಾಸಿನ ಉಸ್ತುವಾರಿ ಅವರದಾಯಿತು. ಅದೇ ಕಚೇರಿಯಲ್ಲಿ ಕುಳಿತು ಸ್ವಂತ ಪರಿಶ್ರಮದಿಂದ ಕಾನೂನು ಓದಿದರು. 1915ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ವಕೀಲಿ ಸನ್ನದು ಪಡೆದು ಅಲ್ಲಿಯೇ ಪಾಲುದಾರರೂ ಆದರು.

ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟದ ಊರದು. ಊರ ನಡುವಣ ಚೌಕದಲ್ಲಿ ಗುಮ್ಮಟ ಹೊತ್ತ ನ್ಯಾಯಾಲಯ, ಅದರ ಸುತ್ತ ಅಂಗಡಿಗಳು, ಅವುಗಳಾಚೆಗೆ ಹತ್ತಿಯ ಹೊಲಗಳು. ಇಂಥ ಊರಿನಲ್ಲಿ ವಕೀಲರೆಂದರೆ ಮೊಕದ್ದಮೆ ನಡೆಸುವವರು ಮಾತ್ರವಲ್ಲ. ಜಮೀನಿನ ಹಕ್ಕು, ಸಾಲ, ತೆರಿಗೆ, ಮನೆಯ ಜಗಳ, ಎಲ್ಲಕ್ಕೂ ಜನ ಅವರ ಬಳಿಗೇ ಬರುವರು. ಲೀ ಅವರು 1926ರಿಂದ 1938ರವರೆಗೆ ರಾಜ್ಯದ ಶಾಸನಸಭೆಯ ಸದಸ್ಯರಾಗಿದ್ದರು. 1929ರಿಂದ 1947ರವರೆಗೆ ‘ಮನ್ರೋ ಜರ್ನಲ್’ ಎಂಬ ವಾರಪತ್ರಿಕೆಯ ಸಂಪಾದಕರೂ ಆಗಿದ್ದರು. ಅದರ ಅಂಕಣಗಳಲ್ಲಿ ಗುಂಪುಗೂಡಿ ಮನುಷ್ಯನನ್ನು ಕೊಲ್ಲುವ ಹೇಯ ಪದ್ಧತಿಯನ್ನು ಖಂಡಿಸಿದರು. ಲೂಯಿಸಿಯಾನದ ಹ್ಯೂಯಿ ಲಾಂಗ್‌ನಂಥ ಅಧಿಕಾರದಾಹಿ ನಾಯಕರನ್ನು ಟೀಕಿಸಿದರು. ಮೆಥೊಡಿಸ್ಟ್ ಸಭೆಯಲ್ಲಿ ಹಿರಿಯ ಗೃಹಸ್ಥರೆಂಬ ಗೌರವ ಅವರಿಗಿತ್ತು.

ಮನೆಯಲ್ಲಿ ನಾಲ್ವರು ಮಕ್ಕಳು: ಆಲಿಸ್, ಲೂಯಿಸ್, ಎಡ್ವಿನ್ ಮತ್ತು 1926ರಲ್ಲಿ ಹುಟ್ಟಿದ ನೆಲ್. ಮೊದಲನೆಯವಳಿಗೂ ಕೊನೆಯವಳಿಗೂ ಹದಿನೈದು ವರ್ಷಗಳ ಅಂತರ. ಸಂಗೀತಪ್ರಿಯರಾಗಿದ್ದ ಪತ್ನಿಯನ್ನು ನರಸಂಬಂಧಿ ಕಾಯಿಲೆಯೊಂದು ಬಹುಕಾಲ ಕಾಡಿತು. ತಂದೆಯೇ ಮಕ್ಕಳ ಪಾಲಿಗೆ ಹೆಚ್ಚಿನ ಆಸರೆಯಾದರು. ಮಿತಭಾಷಿಯಾಗಿದ್ದರೂ ಮಕ್ಕಳ ಪ್ರಶ್ನೆಗಳನ್ನು ತಳ್ಳಿಹಾಕುವವರಲ್ಲ. ಪಕ್ಕದ ಮನೆಯಲ್ಲಿ ಬಂಧುಗಳ ಆಶ್ರಯದಲ್ಲಿ ಬೆಳೆಯುತ್ತಿದ್ದ ಟ್ರೂಮನ್ ಕಪೋಟಿ ಎಂಬ ಒಂಟಿ ಹುಡುಗನೂ ನೆಲ್ ಜೊತೆ ಕಥೆ ಕಟ್ಟುತ್ತಿದ್ದ. ಇಬ್ಬರಿಗೂ ಬರೆಯಲೆಂದು ಲೀ ಅವರು ಹಳೆಯದೊಂದು ಬೆರಳಚ್ಚು ಯಂತ್ರವನ್ನು ಕೊಟ್ಟರು. ಇಬ್ಬರೂ ಮುಂದೆ ಹೆಸರಾಂತ ಲೇಖಕರಾದರು. ಹಿರಿಯ ಮಗಳು ಆಲಿಸ್ 1940ರ ದಶಕದಲ್ಲಿ ತಂದೆಯ ಕಚೇರಿಯಲ್ಲಿಯೇ ವಕೀಲಿಗೆ ನಿಂತರು. ಹೆಣ್ಣುಮಕ್ಕಳು ಆ ವೃತ್ತಿಗೆ ಬರುವುದೇ ಅಪರೂಪವಾಗಿದ್ದ ಕಾಲವದು. ನೂರರ ಅಂಚಿನವರೆಗೂ ಆಕೆ ಅದೇ ಊರಿನಲ್ಲಿ ವೃತ್ತಿ ನಡೆಸಿ 2014ರಲ್ಲಿ ತೀರಿಕೊಂಡರು.

ಈ ಗೌರವಾನ್ವಿತ ಬಾಳಿನ ನಡುವೆ ಒಂದು ಗಾಯವಿತ್ತು. 1919ರಲ್ಲಿ, ವಕೀಲಿ ಆರಂಭಿಸಿ ನಾಲ್ಕೇ ವರ್ಷಗಳಾಗಿದ್ದಾಗ, ನ್ಯಾಯಾಲಯವು ಅವರನ್ನು ಒಂದು ಕೊಲೆ ಮೊಕದ್ದಮೆಯಲ್ಲಿ ಆರೋಪಿಗಳ ಪರ ನೇಮಿಸಿತು. ಆರೋಪಿಗಳು ಕಪ್ಪು ಜನಾಂಗದ ತಂದೆ ಮಗ, ಫ್ರ್ಯಾಂಕ್ ಮತ್ತು ಬ್ರೌನ್ ಎಜೆಲ್. ಸತ್ತವನು ಬಿಳಿಯ ಅಂಗಡಿಕಾರ. ಅಂದಿನ ಅಲಬಾಮದಲ್ಲಿ ಇದರ ಅರ್ಥವೇನೆಂದು ತಿಳಿಯಬೇಕಾದರೆ ಒಂದು ಸಂಗತಿ ಸಾಕು. 1901ರ ರಾಜ್ಯ ಸಂವಿಧಾನವು ಮತತೆರಿಗೆ, ಅಕ್ಷರಜ್ಞಾನದ ಪರೀಕ್ಷೆ ಮುಂತಾದ ಉಪಾಯಗಳಿಂದ ಕಪ್ಪು ಜನರ ಮತದಾನದ ಹಕ್ಕನ್ನು ಬಹುಮಟ್ಟಿಗೆ ಕಿತ್ತುಕೊಂಡಿತ್ತು. ತೀರ್ಪು ಹೇಳುವ ಜ್ಯೂರಿಯಲ್ಲಿ ಅವರಿಗೆ ಸ್ಥಾನವೇ ಇರಲಿಲ್ಲ. ಲೀ ಅವರು ವಾದಿಸಿದರು, ಸೋತರು. ತಂದೆ ಮಗ ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಆ ಬಳಿಕ ಲೀ ಅವರು ಮತ್ತೆಂದೂ ಕ್ರಿಮಿನಲ್ ಮೊಕದ್ದಮೆಯನ್ನು ಮುಟ್ಟಲಿಲ್ಲ.

ಆ ಮೌನವನ್ನು ನಾವು ಹೇಗೆ ಓದಬೇಕು? ಸೂಕ್ಷ್ಮ ಮನಸ್ಸಿನ ನೋವೆಂದು ಓದಬಹುದು, ಅದು ಸುಳ್ಳಲ್ಲ. ಆದರೆ ಒಳ್ಳೆಯ ವಕೀಲರೊಬ್ಬರು ಹಿಂದೆ ಸರಿದಾಗ ಮುಂದಿನ ಬಡ ಆರೋಪಿಯ ಪಕ್ಕದಲ್ಲಿ ನಿಲ್ಲುವವರು ಒಬ್ಬರು ಕಡಿಮೆಯಾದರು ಎಂಬುದೂ ಸುಳ್ಳಲ್ಲ. 1934ರಲ್ಲಿ ಅದೇ ಊರಿನ ನ್ಯಾಯಾಲಯದಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪು ಜನಾಂಗದ ವ್ಯಕ್ತಿಗೆ, ಬಿಳಿಯ ಹೆಂಗಸಿನ ಮೇಲೆ ಅತ್ಯಾಚಾರ ಎಸಗಿದನೆಂಬ ಆರೋಪದಲ್ಲಿ, ಮರಣದಂಡನೆ ವಿಧಿಸಲಾಯಿತು. ಅವನು ನಿರಪರಾಧಿಯಾಗಿರಬಹುದೆಂದು ಶಂಕಿಸಿದ ಊರಿನ ಕೆಲವರು ರಾಜ್ಯಪಾಲರಿಗೆ ಬರೆದರು. ಶಿಕ್ಷೆಯು ಜೀವಾವಧಿಗೆ ಇಳಿಯಿತು. ಅಷ್ಟರಲ್ಲಿ ಅವನ ಮನಸ್ಸು ಮುರಿದಿತ್ತು; 1937ರಲ್ಲಿ ಕ್ಷಯರೋಗದಿಂದ ಸತ್ತನು. ಲೀ ಅವರು ಸಂಪಾದಕರಾಗಿದ್ದ ಪತ್ರಿಕೆಯಲ್ಲಿ ಆ ವಿಚಾರಣೆಯ ಸುದ್ದಿ ಅಚ್ಚಾಗಿತ್ತು. ನೆಲ್ ಆಗ ಎಂಟು ತುಂಬಲಿದ್ದ ಬಾಲಕಿ.

ಧರ್ಮಗುರುಗಳಿಗೆ ಓದಲು ಕಷ್ಟವೆನಿಸುವ ಇನ್ನೊಂದು ಪ್ರಸಂಗವಿದೆ. 1950ರ ದಶಕದ ಆರಂಭದಲ್ಲಿ ಮನ್ರೋವಿಲ್‌ನ ಮೆಥೊಡಿಸ್ಟ್ ಸಭೆಗೆ ರೇ ವಾಟ್ಲಿ ಎಂಬ ಯುವ ಸಭಾಪಾಲಕರು ಬಂದರು. ಜನಾಂಗಗಳ ನಡುವಣ ನ್ಯಾಯದ ಬಗ್ಗೆ ಅವರು ಉಪದೇಶಪೀಠದಿಂದ ಮಾತನಾಡತೊಡಗಿದಾಗ ಸಭಿಕರಲ್ಲಿ ಅಸಮಾಧಾನ ಹೊಗೆಯಾಡಿತು. ಸಾಮಾಜಿಕ ನ್ಯಾಯದ ಮಾತು ಬಿಟ್ಟು ಶುಭಸಂದೇಶವನ್ನಷ್ಟೇ ಸಾರಬೇಕೆಂದು ಅವರಿಗೆ ಹೇಳಿದವರು ಬೇರಾರೂ ಅಲ್ಲ, ಲೀ ಅವರೇ. ವಾಟ್ಲಿಯವರಿಗೆ ವರ್ಗವಾಯಿತು. ಅವರು ಮಾಂಟ್ಗೊಮರಿ ನಗರಕ್ಕೆ ಹೋದರು. ಅಲ್ಲಿ ಜನಾಂಗೀಯ ಸೌಹಾರ್ದಕ್ಕಾಗಿ ದುಡಿಯುತ್ತಿದ್ದ ಸಂಸ್ಥೆಯೊಂದರ ಸ್ಥಳೀಯ ಶಾಖೆಗೆ ಅಧ್ಯಕ್ಷರಾದರು. ಅವರ ಜೊತೆ ಉಪಾಧ್ಯಕ್ಷರಾಗಿದ್ದವರು ಮಾರ್ಟಿನ್ ಲೂಥರ್ ಕಿಂಗ್ ಎಂಬ ತರುಣ ಬೋಧಕರು.

ಲೀ ಅವರು ಕ್ರೂರಿಯಾಗಿರಲಿಲ್ಲ, ಕಪಟಿಯೂ ಅಲ್ಲ. ಕಣ್ಣೆದುರಿನ ಒಬ್ಬ ವ್ಯಕ್ತಿಗೆ ಅನ್ಯಾಯವಾಗಬಾರದು ಎಂದು ನಂಬಿದ್ದರು. ಆದರೆ ಇಡೀ ವ್ಯವಸ್ಥೆಯೇ ಅನ್ಯಾಯದ ಮೇಲೆ ನಿಂತಿದೆಯೆಂದು ಒಪ್ಪಲು ಅವರಿಗೆ ಬಹುಕಾಲ ಬೇಕಾಯಿತು. ತಾವು ಹುಟ್ಟಿ ಬೆಳೆದ ಸಮಾಜ ಎಳೆದ ಗೆರೆಯನ್ನು ದಾಟುವುದು, ಕೋಪಿಷ್ಠನಾದ ಎದುರಾಳಿಯ ಮುಂದೆ ನಿಲ್ಲುವುದಕ್ಕಿಂತ ಕಠಿಣ. ಏಕೆಂದರೆ ಆ ಗೆರೆಯ ಈಚೆಗಿರುವವರೆಲ್ಲ ನಮ್ಮವರು: ನೆಂಟರು, ಕಕ್ಷಿಗಾರರು, ದೇವಾಲಯದಲ್ಲಿ ಪಕ್ಕದಲ್ಲಿ ಕೂರುವವರು.

1951ರಲ್ಲಿ ಅವರ ಮನೆಗೆ ಎರಡು ಸಿಡಿಲುಗಳು ಬಡಿದವು. ಜೂನ್ ತಿಂಗಳಲ್ಲಿ ಪತ್ನಿ ತೀರಿಕೊಂಡರು. ಆರು ವಾರಗಳು ಕಳೆಯುವಷ್ಟರಲ್ಲಿ ವಾಯುಪಡೆಯಲ್ಲಿದ್ದ ಒಬ್ಬನೇ ಮಗ ಎಡ್ವಿನ್, ಎಳೆಯ ಮಕ್ಕಳನ್ನು ಬಿಟ್ಟು, ಮೂವತ್ತರ ಹರೆಯದಲ್ಲಿ ಹಠಾತ್ತನೆ ಮೃತನಾದ. ಎಪ್ಪತ್ತು ದಾಟಿದ್ದ ತಂದೆಯ ಬಳಿ ಉಳಿದವರು ಆಲಿಸ್. ನೆಲ್ ತಂದೆಯಂತೆ ವಕೀಲಳಾಗಲೆಂದು ಕಾನೂನು ಕಾಲೇಜು ಸೇರಿ, ಪದವಿ ಮುಗಿಸದೆ, 1949ರಲ್ಲಿ ಬರವಣಿಗೆಯ ಕನಸು ಹೊತ್ತು ನ್ಯೂಯಾರ್ಕಿಗೆ ಹೋಗಿದ್ದರು. ತಂದೆಯ ಆರೋಗ್ಯ ಕೆಟ್ಟಾಗಲೆಲ್ಲ ಊರಿಗೆ ಬಂದು ಶುಶ್ರೂಷೆ ಮಾಡುತ್ತಿದ್ದರು. ದೇಶದಲ್ಲಿ ಆಗ ದೊಡ್ಡ ಬಿರುಗಾಳಿ ಎದ್ದಿತ್ತು. ಶಾಲೆಗಳಲ್ಲಿ ಜನಾಂಗೀಯ ಪ್ರತ್ಯೇಕತೆ ಸಲ್ಲದೆಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತ್ತು. ತಂದೆ ಮಗಳ ಅಭಿಪ್ರಾಯಗಳು ಒಂದಾಗಿರಲಿಲ್ಲ.

ಆ ಭೇದ ಎಷ್ಟು ಆಳವಾಗಿತ್ತೆಂಬುದರ ಸುಳಿವು ನೆಲ್ ಅವರ ಮೊದಲ ಹಸ್ತಪ್ರತಿಯಲ್ಲಿದೆ. 1950ರ ದಶಕದ ನಡುವಿನಲ್ಲಿ ಬರೆದ ‘ಗೋ ಸೆಟ್ ಎ ವಾಚ್‌ಮನ್’ ಪ್ರಕಟವಾದದ್ದು 2015ರಲ್ಲಿ. ಅದರಲ್ಲಿ ವೃದ್ಧ ಆಟಿಕಸ್ ಬಿಳಿಯರ ಪ್ರಾಬಲ್ಯವನ್ನು ಕಾಯುವವರ ಸಭೆಯಲ್ಲಿ ಕುಳಿತಿದ್ದಾನೆ; ಅದನ್ನು ಕಂಡ ಮಗಳ ಎದೆ ಒಡೆಯುತ್ತದೆ. ಅದನ್ನು ಓದಿದ ಅನೇಕರು ತಮ್ಮ ಆರಾಧ್ಯ ಪುರುಷನನ್ನು ಕಳೆದುಕೊಂಡೆವೆಂದು ಕೊರಗಿದರು. ಆದರೆ ಕ್ರಮವನ್ನು ಗಮನಿಸಬೇಕು. ಮಗಳು ಮೊದಲು ಬರೆದದ್ದು ತಂದೆಯ ಮಿತಿಯನ್ನು. ಆಮೇಲೆ, ಅದನ್ನು ಚೆನ್ನಾಗಿ ಬಲ್ಲವಳಾಗಿಯೇ, ಅವರ ಸದ್ಗುಣವನ್ನು ಬರೆದಳು. ಕುರುಡು ಅಭಿಮಾನದಿಂದ ಹುಟ್ಟಿದ ಚಿತ್ರವಲ್ಲ ಅದು. 1919ರಲ್ಲಿ ತಂದೆ ಸೋತ ಜಾಗದಲ್ಲಿ ಆಟಿಕಸ್ಸನನ್ನು ಮತ್ತೆ ನಿಲ್ಲಿಸಿದಳು. ಅಲ್ಲಿಯೂ ವಕೀಲ ಸೋಲುತ್ತಾನೆ, ಆದರೆ ಮಕ್ಕಳು ಮೇಲಿನ ಮೊಗಸಾಲೆಯಲ್ಲಿ ಕುಳಿತು ಅವನನ್ನು ನೋಡುತ್ತಾರೆ.

ಕಾದಂಬರಿಗೆ 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಅದನ್ನು ಆಲಿಸ್ ಮತ್ತು ತಂದೆಗೆ ಅರ್ಪಿಸಲಾಗಿದೆ. ನಟ ಗ್ರೆಗರಿ ಪೆಕ್ 1962ರ ಆರಂಭದಲ್ಲಿ ಮನ್ರೋವಿಲ್‌ಗೆ ಬಂದು ಲೀ ಅವರನ್ನು ಕಂಡರು. ಅಷ್ಟರಲ್ಲಿ ವೃದ್ಧ ವಕೀಲರ ನಿಲುವೂ ಮೆತ್ತಗಾಗಿತ್ತು. ಕಪ್ಪು ಜನರಿಗೆ ಮತದಾನದ ಹಕ್ಕು ದೊರೆಯಬೇಕೆಂದು ಹೇಳುವ ಮಟ್ಟಕ್ಕೆ ಅವರು ಬಂದಿದ್ದರು. ಅದೇ ಏಪ್ರಿಲ್‌ನಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಚಲನಚಿತ್ರ ತೆರೆ ಕಾಣುವ ಮುನ್ನವೇ ಕಣ್ಮುಚ್ಚಿದರು. ಅವರ ಜೇಬುಗಡಿಯಾರವನ್ನು ನೆಲ್ ಪೆಕ್ ಅವರಿಗೆ ಕೊಟ್ಟರು. ಆ ಹಕ್ಕಿಗೆ ರಾಷ್ಟ್ರೀಯ ಶಾಸನದ ಬಲ ದೊರೆತದ್ದು 1965ರಲ್ಲಿ.

ಮಕ್ಕಳು ನಮ್ಮ ಮಾತಿಗಿಂತ ನಡೆಯನ್ನು ಹೆಚ್ಚು ನೋಡುತ್ತಾರೆಂದು ನಾವು ಹೇಳುತ್ತಿರುತ್ತೇವೆ. ಲೀ ಅವರ ಮನೆಯ ಕಥೆ ಅದಕ್ಕಿಂತ ಮುಂದೆ ಹೋಗುತ್ತದೆ: ನಾವು ಎಲ್ಲಿ ನಿಂತುಬಿಟ್ಟೆವು ಎಂಬುದನ್ನೂ ಮಕ್ಕಳು ನೋಡುತ್ತಾರೆ. ನ್ಯಾಯದ ಮೊದಲ ಪಾಠವನ್ನು ಆ ಬಾಲಕಿ ತಂದೆಯಿಂದಲೇ ಕಲಿತಳು. ಕಲಿತ ಪಾಠವನ್ನು ತಂದೆ ನಿಲ್ಲಿಸಿದ ಗೆರೆಯಾಚೆಗೂ ಒಯ್ದಳು. ತಂದೆ ಅವಳನ್ನು ತಡೆಯಲಿಲ್ಲ. ಮನ್ರೋವಿಲ್‌ನ ಹಳೆಯ ನ್ಯಾಯಾಲಯ ಈಗ ವಸ್ತುಸಂಗ್ರಹಾಲಯವಾಗಿದೆ. ಆಟಿಕಸ್ಸನನ್ನು ನೆನೆದು ಅಲ್ಲಿಗೆ ಬರುವವರು ಬಹಳ. ಫ್ರ್ಯಾಂಕ್ ಮತ್ತು ಬ್ರೌನ್ ಎಜೆಲ್ ಎಂಬ ತಂದೆ ಮಗನನ್ನೂ ನೆನೆದರೆ ಮಾತ್ರ ಆ ವಕೀಲರ ಬಾಳಿನ ಪೂರ್ಣ ಕಥೆಯನ್ನು ನೆನೆದಂತಾಗುತ್ತದೆ.